ಎಣಿಸಲು ಒಪ್ಪದ ಜಪಾನಿ ಅಕ್ಕ

ಹತ್ತು ಹನ್ನೆರಡು ವರ್ಷ ನಾನು ಒಬ್ಬ ಜಪಾನಿ ನಟಿಯ ಬಾಯಲ್ಲಿ ಕೂತು ಹಿಂದಿ ಮಾತಾಡಿದ್ದೇನೆ. ಪರದೆಯ ಮೇಲೆ ತುಟಿ ಅವರದು, ಮಾತು ನನ್ನದು. ಈಗ ಅವರು ಮುಂಬಯಿ ಬಿಟ್ಟು ತಮ್ಮ ದೇಶಕ್ಕೆ ಹೋಗಿದ್ದಾರೆ. ಹೆಸರು ಬರೆಯುವುದಿಲ್ಲ. ಬರೆದರೆ 'ನನ್ನನ್ನು ಕೇಳದೆ ನನ್ನ ಬಗ್ಗೆ ಏನೇನು ಬರೆದೆ' ಎಂದು ಫೋನ್ ಮಾಡಿ ಜಗಳ ತೆಗೆಯುತ್ತಾರೆ. ಜಗಳಕ್ಕೆ ಬೇಕಾದಷ್ಟು ಹಿಂದಿ ಅವರಿಗೆ ಬರುತ್ತದೆ, ಕಲಿಸಿದವಳು ನಾನೇ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರು ನನ್ನನ್ನು ಆವಾಜ್-ಸಾನ್ ಎನ್ನುತ್ತಿದ್ದರು. ಸಾನ್ ಎಂದರೆ ಅವರ ಕಡೆಯ 'ಜೀ'. ಕನ್ನಡದಲ್ಲಿ ಹೇಳುವುದಾದರೆ 'ದನಿಯವರೇ' ಎಂದ ಹಾಗೆ.

ನನ್ನ ಕೆಲಸ ಡಬ್ಬಿಂಗ್. ಉಡುಪಿ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ವಡಾಲದಲ್ಲಿ. ಅಪ್ಪ ಬೈಕುಲ್ಲಾದ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಿಲ್ಡಿಂಗಿನಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ. ಹೀಗೆ ನಾಲ್ಕು ಕಡೆ ತಿರುಗಿದ ನಾಲಿಗೆಯೇ ನನಗೆ ಅನ್ನ ಹಾಕಿತು. ತಲೆನೋವಿನ ಮಾತ್ರೆ, ಪಾತ್ರೆ ತೊಳೆಯುವ ಸಾಬೂನು, ಮಕ್ಕಳ ಪೌಡರು ಎಂದು ನೀವು ಕನ್ನಡದಲ್ಲಿ ಕೇಳಿದ ಜಾಹೀರಾತುಗಳಲ್ಲಿ ಕೆಲವಾದರೂ ನನ್ನವು. ಹಿಂದಿ ಸೀರಿಯಲ್‌ಗಳ ಅತ್ತೆಯರಿಗೂ, ಸತ್ತು ಹೋದ ಸೊಸೆಯರ ಆತ್ಮಗಳಿಗೂ ದನಿ ಕೊಟ್ಟಿದ್ದೇನೆ. ದನಿಯ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಉಂಟು. ಅದನ್ನು ಈಗಲೇ ಹೇಳಿಬಿಟ್ಟರೆ ಮುಂದಿನದು ಸಲೀಸು.

ಅವರನ್ನು ಮೊದಲು ನೋಡಿದ್ದು ಕಾಂದಿವಲಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ. ಒಂದು ಬದಿಗೆ ಪ್ಲಾಸ್ಟಿಕ್ ಬಕೆಟಿನ ಫ್ಯಾಕ್ಟರಿ, ಇನ್ನೊಂದು ಬದಿಗೆ ರಟ್ಟಿನ ಪೆಟ್ಟಿಗೆ ಮಾಡುವವರು, ನಡುವೆ ನಮ್ಮ ಡಬ್ಬಿಂಗ್ ಸ್ಟುಡಿಯೋ. ನೋಡಿದ್ದು ಎಂದರೆ ಪರದೆಯ ಮೇಲೆ. ಯಾವುದೋ ಸೀರಿಯಲ್‌ನ ಖಳನಾಯಕಿ. ಉದ್ದ ವಿಗ್ಗು, ಕರಿ ಕನ್ನಡಕ, ವಿದೇಶದಿಂದ ಬಂದು ನಾಯಕನ ಮನೆಯ ವಜ್ರ ಕದಿಯುವುದೇ ಕೆಲಸ. ಜಪಾನೋ ಚೀನವೋ ಬರೆದವರಿಗೂ ಗೊತ್ತಿರಲಿಲ್ಲ.

ಭಾಷೆ ಬಾರದ ನಟರಿಗೆ ನಮ್ಮ ಸೆಟ್ಟುಗಳಲ್ಲಿ ಒಂದು ಸುಲಭದ ದಾರಿ ಉಂಟು. ಡೈಲಾಗ್ ಬದಲು ಅಂಕಿ ಹೇಳು ಎನ್ನುತ್ತಾರೆ. ಸಿಟ್ಟಿನ ದೃಶ್ಯವಾದರೆ ಒನ್ ಟೂ ಥ್ರೀ ಫೋರ್ ಜೋರಾಗಿ, ಪ್ರೀತಿಯದಾದರೆ ಅದೇ ಅಂಕಿಗಳು ಮೆಲ್ಲಗೆ. ತುಟಿ ಆಡಿದರೆ ಸಾಕು. ಆಮೇಲೆ ನನ್ನಂಥವಳು ಸ್ಟುಡಿಯೋಗೆ ಬಂದು ಆ ತುಟಿಯ ಮೇಲೆ ಮಾತು ಕೂರಿಸುತ್ತಾಳೆ. ಅಂಕಿ ಎಣಿಸುವ ಬಾಯಿಗೆ ಹಿಂದಿ ಕೂರಿಸುವುದು ನನಗೆ ನೀರು ಕುಡಿದಷ್ಟು ಸುಲಭ. ಆದರೆ ಆ ದಿನ ಒಂದು ಸಾಲೂ ಕೂರಲಿಲ್ಲ. ನನ್ನ ಮಾತು ಮುಗಿದ ಮೇಲೂ ಆಕೆಯ ತುಟಿ ಆಡುತ್ತಿತ್ತು. ನಾನು ಮಾತಾಡುವಾಗ ಆಕೆ ಬಾಯಿ ಮುಚ್ಚಿಕೊಂಡು ಸುಮ್ಮನೆ ನಾಯಕನನ್ನು ದುರುಗುಟ್ಟುತ್ತಿದ್ದರು.

ರೆಕಾರ್ಡಿಸ್ಟ್ ಬಸವರಾಜ ವಿಜಯಪುರದ ಕಡೆಯವನು. ಗಾಜಿನ ಆಚೆಯಿಂದ ಮೈಕಿನಲ್ಲಿ ಹೇಳಿದ: "ಅಕ್ಕಾರ, ಇವ್ರು ಅಂಕಿ ಎಣಸಾಕತ್ತಿಲ್ರಿ. ಏನೋ ಖರೇ ಖರೇ ಮಾತಾಡಾಕತ್ತಾರ."

"ಎಂತ ಮಾತು ಮಾರಾಯ? ಶೂಟಿಂಗಿನಲ್ಲಿ ತೆಗೆದ ದನಿ ಉಂಟಲ್ಲ, ಅದನ್ನೊಮ್ಮೆ ಹಾಕು."

ಅವನು ಹಾಕಿದ. ಹೆಡ್‌ಫೋನಿನಲ್ಲಿ ಜಪಾನಿ ಭಾಷೆ ಬಂತು. ಒಂದಕ್ಷರ ಅರ್ಥವಾಗಲಿಲ್ಲ, ಆದರೆ ಮೈ ಜುಮ್ಮೆಂದಿತು. ತಗ್ಗಿದ ದನಿ, ತುಸು ಗೊಗ್ಗರು, ಅವಸರವೇ ಇಲ್ಲ. ಪಕ್ಕದ ಮನೆಯಾಕೆ ಸಕ್ಕರೆ ಕೇಳಲು ಬಂದಂತೆ ಮಾತಾಡುತ್ತಾ ಎದುರಿಗಿದ್ದವನ ಜೀವ ತೆಗೆಯುವ ಹಾಗಿತ್ತು. ಬಸವರಾಜ "ಅಬಬಬ" ಎಂದ. ಆದರೆ ನಮಗೆ ಬಂದ ಹುಕುಂ ಬೇರೆಯೇ ಇತ್ತು: ಖಳನಾಯಕಿಯ ದನಿ ತೆಳ್ಳಗೆ, ಮೂಗಿನಿಂದ, ಕೊನೆಯಲ್ಲಿ ಹಾವಿನಂತೆ ಎಳೆಯಬೇಕು. ನಾನು ಎಳೆದೆ. ಸಾಲು ಸಾಲಿಗೂ ಆಕೆಗೆ ಮನಸಾರೆ ಬಯ್ಯುತ್ತಾ ಇಡೀ ದಿನ ತೆಗೆದುಕೊಂಡು ಕೂರಿಸಿದೆ.

ಮರುವಾರ ಗೋರೆಗಾಂವ್ ಕಡೆಯ ಸೆಟ್ಟಿಗೆ ಬೇರೆ ಕೆಲಸಕ್ಕೆ ಹೋಗಿದ್ದಾಗ ಆಕೆಯನ್ನು ಹುಡುಕಿಕೊಂಡು ಹೋದೆ. ಜಗಳಕ್ಕೇ ಹೋದದ್ದು. ಪ್ಲೈವುಡ್ಡಿನ ಬಂಗಲೆಯ ಹೊರಗೆ ಕುರ್ಚಿಯಲ್ಲಿ ಕೂತಿದ್ದರು. ವಿಗ್ಗಿಲ್ಲದೆ, ಕನ್ನಡಕವಿಲ್ಲದೆ, ಐವತ್ತು ದಾಟಿದ ಒಂದು ಪುಟ್ಟ ಹೆಂಗಸು. ಚಪ್ಪಲಿ ಬಾಗಿಲ ಹೊರಗೆ ಒಪ್ಪವಾಗಿ ಜೋಡಿಸಿಟ್ಟಿತ್ತು. ಅದು ಪ್ಲೈವುಡ್ ಆದರೂ ಯಾರದೋ ಮನೆ, ಚಪ್ಪಲಿ ಹಾಕಿಕೊಂಡು ಒಳಗೆ ಹೋಗಬಾರದು ಎಂಬುದು ಅವರ ಲೆಕ್ಕ. ಆ ಸೆಟ್ಟಿನಲ್ಲಿ ಉಳಿದವರೆಲ್ಲ ಬೂಟುಗಾಲಿನಲ್ಲೇ ದೇವರ ಕೋಣೆಗೂ ನುಗ್ಗುತ್ತಿದ್ದರು.

ನನ್ನನ್ನು ಕಂಡು ಎದ್ದು ನಿಂತು, ಬಾಗಿ "ಗುಡ್ ಮಾರ್ನಿಂಗ್" ಎಂದರು. ಸೂರ್ಯ ಮುಳುಗುತ್ತಿದ್ದ. ನಾನು ಆಕಾಶದ ಕಡೆ ಕೈ ತೋರಿಸಿದೆ. ಅವರು ನಕ್ಕು, ಅರ್ಧ ಇಂಗ್ಲಿಷಿನಲ್ಲಿ ಅರ್ಧ ಕೈಸನ್ನೆಯಲ್ಲಿ ವಿವರಿಸಿದರು. ಜಪಾನಿನ ಸ್ಟುಡಿಯೋಗಳಲ್ಲಿ ಕೆಲಸಕ್ಕೆ ಬಂದವರು ಎಷ್ಟು ಹೊತ್ತಿಗೆ ಬಂದರೂ ಹೇಳುವುದು ಶುಭೋದಯವೇ. ಕೆಲಸ ಶುರುವಾದಾಗ ಬೆಳಗಾಯಿತು ಎಂದು ಅರ್ಥ. ಜಗಳ ಅಲ್ಲೇ ಅರ್ಧ ಸತ್ತಿತು.

ಉಳಿದರ್ಧ ಕೇಳಿದೆ. ಎಲ್ಲರ ಹಾಗೆ ಅಂಕಿ ಎಣಿಸಿದರೆ ನಿಮ್ಮ ಗಂಟೇನು ಹೋಗುತ್ತದೆ?

"ಎಣಿಸಿಕೊಂಡು ಹೆದರಿಸುವುದು ಹೇಗೆ?" ಎಂದರು. "ಒಂದು, ಎರಡು ಅಂದಮೇಲೆ ನನಗೆ ಮೂರು ನೆನಪಾಗುತ್ತದೆ. ಎದುರಿಗಿರುವ ಮನುಷ್ಯ ನೆನಪಾಗುವುದಿಲ್ಲ."

ಆಮೇಲೆ, ಹಾಗಾದರೆ ನನ್ನ ಬಾಯಲ್ಲಿ ಕೂತಿದ್ದು ನೀವೋ, ಏನು ಹೇಳಿದಿರಿ ಎಂದು ಕೇಳಿದರು. ನಾನು ಅಲ್ಲೇ ನಿಂತು ಆ ಮೂಗಿನ ದನಿಯಲ್ಲಿ ಇಡೀ ಡೈಲಾಗು ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. "ತುಂಬಾ ಚೆಂದ. ಆದರೆ ನಾನಲ್ಲ," ಎಂದರು. ಬೇಸರದಿಂದ ಹೇಳಿದ್ದಲ್ಲ, ಅಂಗಿಯ ಅಳತೆ ಸರಿಯಿಲ್ಲ ಎಂದು ದರ್ಜಿಗೆ ಹೇಳುವ ಹಾಗೆ. "ಒಂದು ದಿನ ನಾನೇ ಹೇಳುತ್ತೇನೆ. ನಿಮ್ಮ ದೇಶದ ಪರದೆಯ ಮೇಲೆ ನನ್ನ ದನಿ ಒಮ್ಮೆಯಾದರೂ ಕೇಳಬೇಕು. ಕೇಳಿಸಿಯೇ ಹೋಗುವುದು." ನನಗೆ ಒಳಗೊಳಗೇ ನಗು ಬಂತು. 'ಪಾನಿ' ಎನ್ನಲೂ ಯೋಚಿಸುತ್ತಿದ್ದ ಹೆಂಗಸು!

ಅಂದಿನಿಂದ ನಮ್ಮಿಬ್ಬರದು ಒಂದು ಒಪ್ಪಂದವಾಯಿತು. ಶೂಟಿಂಗಿಗೆ ಮೊದಲೇ ನಾನು ಅವರಿಗೆ ಹಿಂದಿ ಸಾಲು ಓದಿ ಅರ್ಥ ಹೇಳುತ್ತಿದ್ದೆ. ಎಲ್ಲಿ ಉಸಿರು, ಎಲ್ಲಿ ನಿಲುಗಡೆ ಎಂದು ಬೆರಳಿನಲ್ಲಿ ತೊಡೆಯ ಮೇಲೆ ತಟ್ಟಿ ತೋರಿಸುತ್ತಿದ್ದೆ. ಅವರು ಅಷ್ಟೇ ಉಸಿರಿನಲ್ಲಿ ಮುಗಿಯುವಂತೆ ಅದೇ ಮಾತನ್ನು ಜಪಾನಿಯಲ್ಲಿ ಕಟ್ಟಿಕೊಳ್ಳುತ್ತಿದ್ದರು. ಅವರ ತುಟಿ, ನನ್ನ ದನಿ ಜೋಡಿಯಾಗಿ ಓಡತೊಡಗಿದವು. ಊರಲ್ಲಿ ಯಾವ ಸೀರಿಯಲ್‌ಗೆ ವಿದೇಶಿ ಡಾಕ್ಟರು, ವಿದೇಶಿ ಸನ್ಯಾಸಿನಿ, ವಿದೇಶಿ ಕಳ್ಳಿ ಬೇಕಾದರೂ ಅವರನ್ನು ಕರೆಯುತ್ತಿದ್ದರು. ಅವರ ಹಿಂದೆಯೇ ನನಗೂ ಫೋನು.

ರಜೆಯ ದಿನ ಹಾರ್ಬರ್ ಲೈನಿನ ರೈಲು ಹಿಡಿದು ವಡಾಲಕ್ಕೆ ನನ್ನ ಮನೆಗೆ ಬರುತ್ತಿದ್ದರು. ನೀರುದೋಸೆಯನ್ನು ಕರವಸ್ತ್ರದಂತೆ ನಾಲ್ಕು ಮಡಿಕೆ ಮಾಡಿ ಬಾಯಿಗಿಡುತ್ತಾ ತಮ್ಮ ಕಥೆ ಹೇಳುತ್ತಿದ್ದರು. ಒಂದೇ ದಿನ ಪೂರ್ತಿ ಹೇಳಿದ್ದಲ್ಲ. ಹಿಮ ಬೀಳುವ ಉತ್ತರದ ಊರು, ಅಪ್ಪನದು ಕ್ಷೌರದಂಗಡಿ. ಅಂಗಡಿಗೆ ಬಂದವರ ಮಾತನ್ನು, ಕೆಮ್ಮನ್ನು, ಗೊರಕೆಯನ್ನು ಅನುಕರಿಸಿ ಎಲ್ಲರನ್ನು ನಗಿಸುತ್ತಿದ್ದ ಹುಡುಗಿಯನ್ನು ಯಾರೋ ಗಿರಾಕಿಯೇ ಮಕ್ಕಳ ನಾಟಕ ತಂಡಕ್ಕೆ ಸೇರಿಸಿದರಂತೆ. ಅಲ್ಲಿಂದ ಟೋಕಿಯೋ. ಮೊದಮೊದಲು ರಾಜರಾಣಿಯರ ಸಿನಿಮಾಗಳಲ್ಲಿ ತಟ್ಟೆ ಹಿಡಿದು ಮೊಣಕಾಲಿನ ಮೇಲೆ ಸರಿಯುವ ದಾಸಿ. "ನನ್ನ ಮುಖ ಯಾರೂ ನೋಡಿಲ್ಲ, ಮೊಣಕಾಲು ಮಾತ್ರ ಇಡೀ ದೇಶ ನೋಡಿದೆ," ಎನ್ನುತ್ತಿದ್ದರು. ಆಮೇಲೆ ಬೆಳಗಿನ ಟಿವಿ ಧಾರಾವಾಹಿಯೊಂದರಲ್ಲಿ ನಾಯಕಿಯ ತಂಗಿಯ ಪಾತ್ರ ಸಿಕ್ಕಿತು. ಅಡುಗೆಮನೆಯಲ್ಲಿ ಟಿವಿಗೆ ಬೆನ್ನು ಹಾಕಿ ಕೆಲಸ ಮಾಡುವ ಹೆಂಗಸರಿಗೆಲ್ಲ ಆ ತಂಗಿಯ ದನಿ ಗುರುತಾಯಿತು. ರೇಡಿಯೋ ನಾಟಕಗಳು ಬಂದವು. ಟ್ಯಾಕ್ಸಿಯಲ್ಲಿ ಕೂತು ವಿಳಾಸ ಹೇಳಿದರೆ ಡ್ರೈವರ್ ಹಿಂದೆ ತಿರುಗಿ ನೋಡುತ್ತಿದ್ದನಂತೆ. ಮುಖದಿಂದಲ್ಲ, ದನಿಯಿಂದ ಹೆಸರು ಮಾಡಿದ ನಟಿ. ಇದನ್ನು ಕೇಳಿದ ದಿನ ನಾನು ಅರ್ಧ ದೋಸೆ ತಟ್ಟೆಯಲ್ಲೇ ಬಿಟ್ಟು ಎದ್ದೆ. ಇಲ್ಲಿ ನಾವು ಅವರದು ಎಲ್ಲ ಇಟ್ಟುಕೊಂಡು ಅದೊಂದನ್ನೇ ಕತ್ತರಿಸಿ ಎಸೆದಿದ್ದೆವು.

ವಯಸ್ಸು ನಲವತ್ತು ದಾಟಿದ ಮೇಲೆ ಅಲ್ಲಿ ತಾಯಿಯ ಪಾತ್ರ, ಆಮೇಲೆ ಇನ್ನೊಬ್ಬ ತಾಯಿಯ ಪಾತ್ರ. ಮದುವೆಯೊಂದು ಆಗಿ ಮುಗಿದಿತ್ತು. ಆ ಹೊತ್ತಿಗೆ ಎರಡು ದೇಶಗಳು ಸೇರಿ ಮಾಡುವ ಸಿನಿಮಾವೊಂದರಲ್ಲಿ ಚಿಕ್ಕ ಪಾತ್ರಕ್ಕೆಂದು ಮುಂಬಯಿಗೆ ಬಂದರು. ಸಿನಿಮಾ ಅರ್ಧಕ್ಕೆ ನಿಂತಿತು. ಉಳಿದವರು ವಿಮಾನ ಹತ್ತಿದರು, ಇವರು ಕಾಂದಿವಲಿಯಲ್ಲಿ ಬಾಡಿಗೆಗೆ ಮನೆ ಹಿಡಿದರು. ಯಾಕೆ ಅಕ್ಕ ಎಂದು ಕೇಳಿದರೆ, "ಅಲ್ಲಿ ನನ್ನನ್ನು ಎಲ್ಲಿ ಕೂರಿಸಬೇಕು ಎಂದು ಎಲ್ಲರಿಗೂ ಗೊತ್ತಿತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ. ನಿಂತುಕೊಂಡೇ ಶುರು ಮಾಡಬಹುದು," ಎಂದರು.

ಹಿಂದಿ ಕಲಿತದ್ದು ಹೇಗೆ ಎಂಬುದು ಇನ್ನೊಂದು ತಮಾಷೆ. ಮೇಷ್ಟರಿಲ್ಲ, ಪುಸ್ತಕವಿಲ್ಲ. ಮನೆಯಲ್ಲಿ ಕೂತು ತಮ್ಮದೇ ಸೀರಿಯಲ್‌ಗಳನ್ನು ಹಾಕಿಕೊಂಡು, ತಮ್ಮ ಬಾಯಿಂದ ಬರುವ ನನ್ನ ಹಿಂದಿಯನ್ನು ಗಿಣಿಯಂತೆ ಒಪ್ಪಿಸುವುದು. ತನ್ನದೇ ಬಾಯಿ ತನಗೆ ಪಾಠ ಹೇಳುತ್ತಿರುವಾಗ ಬೇರೆ ಮೇಷ್ಟರು ಯಾಕೆ ಎಂಬುದು ಅವರ ವಾದ. ಅದರಲ್ಲಿ ಒಂದು ಎಡವಟ್ಟಿತ್ತು. ಪಾಠ ಹೇಳುತ್ತಿದ್ದವರು ಕಳ್ಳಸಾಗಣೆಯವರು, ವಜ್ರ ಕದಿಯುವವರು. ಒಂದು ದಿನ ಕಾಂದಿವಲಿ ಸ್ಟೇಷನ್ ಹೊರಗಿನ ತರಕಾರಿ ಸಂತೆಗೆ ಇಬ್ಬರೂ ಹೋದೆವು. ಅಕ್ಕ ಸೊಪ್ಪಿನ ಭಯ್ಯಾನ ಮುಂದೆ ನಿಂತು, ಕಣ್ಣು ಕಿರಿದು ಮಾಡಿ, ನನ್ನದೇ ಮೂಗಿನ ದನಿಯಲ್ಲಿ ಎಳೆದರು: "ಧನಿಯಾ ಮೇರೇ ಹವಾಲೇ ಕರ್ ದೋ."

ಕೊತ್ತಂಬರಿಯನ್ನು ನನ್ನ ವಶಕ್ಕೆ ಒಪ್ಪಿಸು! ಭಯ್ಯಾ ಎರಡು ಕಟ್ಟು ಕೊತ್ತಂಬರಿ, ಮೇಲೊಂದಿಷ್ಟು ಹಸಿಮೆಣಸು ತುಂಬಿ, "ಮೇಡಂ, ಔರ್ ಕುಛ್ ನಹೀಂ ಹೈ ಮೇರೇ ಪಾಸ್," ಎಂದ, ಇನ್ನೇನೂ ಇಲ್ಲ ಎಂದು ಕೈ ಮುಗಿದ. ನಾನು ಗೋಣಿಚೀಲದ ರಾಶಿಯ ಮೇಲೆ ಕೂತು ನಕ್ಕೆ. ಅಕ್ಕನಿಗೆ ನಾನು ಯಾಕೆ ನಗುತ್ತಿದ್ದೇನೆಂದು ಮನೆಗೆ ಬಂದು ಅರ್ಥ ಹೇಳುವವರೆಗೆ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ನನಗಿಂತ ಹೆಚ್ಚು ನಕ್ಕರು.

ಆ ಸಂಜೆಯೇ ಅವರ ತಂಗಿಯ ಫೋನು ಬಂತು. ಜಪಾನಿಯಲ್ಲಿ ಮಾತಾಡತೊಡಗಿದರು. ಹೆಡ್‌ಫೋನಿನಲ್ಲಿ ಕೇಳಿದ ಅದೇ ತಗ್ಗಿದ, ಗೊಗ್ಗರು ದನಿ. ಫೋನಿಟ್ಟ ಮೇಲೆ ಕೇಳಿದೆ: "ಅಕ್ಕಾ, ಇಷ್ಟು ಚೆಂದದ ದನಿ ಇಟ್ಟುಕೊಂಡು ಹಿಂದಿಯನ್ನು ಯಾಕೆ ನನ್ನ ಮೂಗಿನಲ್ಲಿ ಮಾತಾಡ್ತೀರಿ?"

ಅವರು ಹೇಳಿದರು: "ಈ ದನಿಗೆ ಹಿಂದಿ ಬರುವುದಿಲ್ಲ, ಆವಾಜ್-ಸಾನ್. ನಿಮ್ಮ ದನಿಗೆ ಮಾತ್ರ ಬರುತ್ತದೆ." ಹೇಳಿ ಕೊತ್ತಂಬರಿ ಬಿಡಿಸಲು ಕೂತರು. ನನಗೆ ಅಳು ಬಂದಿತ್ತು.

ಹೀಗೇ ವರ್ಷಗಳು ಹೋದವು. ಕೊನೆಗೆ ಒಂದು ಸಿನಿಮಾ ಬಂತು. ಡೈರೆಕ್ಟರು ಮೂವತ್ತರ ಆಸುಪಾಸಿನ ಹುಡುಗಿ. ಅಪ್ಪ ಅಮ್ಮ ಮಂಗಳೂರಿನವರು, ಇವಳು ಹುಟ್ಟಿದ್ದು ಇಲ್ಲೇ. ಕನ್ನಡ ಅರ್ಥವಾಗುತ್ತದೆ, ಮಾತಾಡಲು ಹೊರಟರೆ ಹಿಂದಿಗೆ ಜಾರುತ್ತಾಳೆ. ಬೈಕುಲ್ಲಾದಲ್ಲಿ ನಮ್ಮ ಕಡೆಯ ಗಂಡನೊಂದಿಗೆ ಸಣ್ಣ ಹೋಟೆಲು ನಡೆಸುತ್ತಿದ್ದ ಜಪಾನಿ ಹೆಂಗಸಿನ ಕಥೆ. ಗಂಡ ಸತ್ತ ಮೇಲೆ ಅವನ ಅಣ್ಣ ಬಂದು ನಿನ್ನ ದೇಶಕ್ಕೆ ಹೋಗು ಎನ್ನುತ್ತಾನೆ. ಆಕೆ ಹೋಗುವುದಿಲ್ಲ. ಅಷ್ಟೇ ಕಥೆ, ಆದರೆ ಮೊದಲ ದೃಶ್ಯದಿಂದ ಕೊನೆಯ ದೃಶ್ಯದವರೆಗೆ ಅಕ್ಕನೇ. ಕಳ್ಳಿಯಲ್ಲ, ಸನ್ಯಾಸಿನಿಯಲ್ಲ, ಒಬ್ಬ ಹೆಂಗಸು. ಅರವತ್ತು ದಾಟಿದ ಮೇಲೆ ಮುಂಬಯಿಯಲ್ಲಿ ಅವರಿಗೆ ಸಿಕ್ಕ ಮೊದಲ ನಾಯಕಿಯ ಪಾತ್ರ.

ಸೆಟ್ಟಿನಲ್ಲಿ ಅಕ್ಕ ಹಿಂದಿಯಲ್ಲೇ ಮಾತಾಡಿದರು. ನಿಜವಾದ ಹೋಟೆಲಿನಲ್ಲಿ, ಗಿಜಿಗುಡುವ ಬೀದಿಯ ಮೇಲೆ ಶೂಟಿಂಗ್ ಆದ್ದರಿಂದ ಡಬ್ಬಿಂಗ್ ಹೇಗೂ ಆಗಬೇಕಿತ್ತು. ಆಗ ಡೈರೆಕ್ಟರ್ ಹುಡುಗಿ ನನಗೆ ಫೋನ್ ಮಾಡಿದಳು. "ಆಂಟಿ, ಪ್ರೊಡ್ಯೂಸರ್ ಬೇಡ ಅಂತಿದ್ದಾರೆ. ಮತ್ಲಬ್, ಅವರ ವಾಯ್ಸ್ ಬೇಡ ಅಂತ. ಪಬ್ಲಿಕ್ ಹಂಸೇಗಾ, ಜನ ನಗ್ತಾರೆ ಅಂತಾರೆ. ನಿಮ್ಮನ್ನೇ ಕರಿ ಅಂದ್ರು."

"ನಿನಗೆ ಎಂತ ಅನ್ನಿಸ್ತದೆ?"

"ನನಗೆ ಅವರದೇ ಬೇಕು ಆಂಟಿ. ಫೈಟ್ ಮಾಡಿದೆ. ಒಂದು ದಿನ ಕೊಟ್ಟಿದ್ದಾರೆ. ಆ ಭಾವನ ಜೊತೆ ಜಗಳದ ಸೀನ್ ಉಂಟಲ್ಲ, ಅದು ಸಂಜೆ ಒಳಗೆ ಸರಿ ಬಂದ್ರೆ ಫಿಲ್ಮ್ ಪೂರಾ ಅವರದ್ದು. ಬರದಿದ್ರೆ ನಿಮ್ಮದು. ಆ ದಿನ ಬಂದು ಕೂತಿರಿ, ಪ್ಲೀಸ್."

ಅಂದರೆ ಅಕ್ಕ ಸೋಲುವುದನ್ನು ಕಾಯುತ್ತಾ ಕೂರುವ ಕೆಲಸ. ನಾನು ಹೋದೆ. ಬೇರೆ ಯಾರೋ ಕಾಯುವುದಕ್ಕಿಂತ ನಾನು ಕಾಯುವುದು ಮೇಲು ಅನ್ನಿಸಿತು.

ಅದೇ ಎಸ್ಟೇಟು, ಅದೇ ಸ್ಟುಡಿಯೋ, ಗಾಜಿನ ಆಚೆ ಅದೇ ಬಸವರಾಜ. ಅಕ್ಕ ಬಂದು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಒಳಗಿದ್ದ ಎಲ್ಲರಿಗೂ ಬಾಗಿ, ಮೈಕಿನ ಮುಂದೆ ನಿಂತರು. ಡಬ್ಬಿಂಗ್ ಎನ್ನುವುದು ಒಂಟಿ ಕೆಲಸ. ಪರದೆಯ ಮೇಲೆ ನಾಲ್ಕು ಜನ ಜಗಳವಾಡುತ್ತಿದ್ದರೂ ಮೈಕಿನ ಮುಂದೆ ಒಬ್ಬರೇ. ಎದುರಿನವರ ಮಾತು ಹೆಡ್‌ಫೋನಿನಲ್ಲಿ ಬರುತ್ತದೆ, ನಮ್ಮ ಸರದಿ ಬಂದಾಗ ನಾವು ಬಾಯಿ ಬಿಡುತ್ತೇವೆ. ಭಾವನ ಪಾತ್ರಧಾರಿ ಹಿಂದಿನ ದಿನವೇ ತನ್ನ ಪಾಲು ಹೇಳಿ ಹೋಗಿದ್ದ.

ಅಕ್ಕ ಶುರು ಮಾಡಿದರು. ತುಟಿಗೆ ಮಾತು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಉಚ್ಚಾರ ಚೊಕ್ಕ. ಆದರೆ ಬಂದದ್ದು ನನ್ನ ದನಿ. ಗಂಡ ಸತ್ತ ಹೆಂಗಸು ತನ್ನ ಒಲೆಯ ಮುಂದೆ ನಿಂತು ವಜ್ರ ಕದಿಯುವವಳಂತೆ ಮೂಗಿನಿಂದ ಎಳೆಯುತ್ತಿದ್ದಳು. ಡೈರೆಕ್ಟರ್ ಇನ್ನೊಮ್ಮೆ ಎಂದಳು. ಮತ್ತೆ ಅದೇ. ದನಿ ತಗ್ಗಿಸಿ ನೋಡಿದರು, ಹಿಂದಿ ತಪ್ಪಿತು. ಹಿಂದಿ ಸರಿಮಾಡಿಕೊಂಡರೆ ದನಿ ಮೂಗಿಗೆ ಏರಿತು. ಊಟದ ಹೊತ್ತಿಗೆ ಡೈರೆಕ್ಟರ್ ಹುಡುಗಿ ಉಗುರು ಕಚ್ಚುತ್ತಿದ್ದಳು.

ಬಸವರಾಜ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ: "ಅಕ್ಕಾರ, ತಪ್ಪು ತಿಳಕೋಬ್ಯಾಡ್ರಿ. ಅವ್ರ ಬಾಯಾಗ ನೀವು ಕುಂತೀರಿ. ನೀವು ಎದ್ರ ಅವ್ರಿಗೆ ಜಾಗ ಆಗ್ತೈತಿ."

"ಏಳುವುದು ಹೇಗೆ ಮಾರಾಯ? ನಾನು ಇಲ್ಲಿ ಹೊರಗೆ ಸುಮ್ಮನೆ ಕೂತಿದ್ದೇನಲ್ಲ!"

"ಅದಽ ತಪ್ಪು ನೋಡ್ರಿ. ಸುಮ್ನ ಕುಂತೀರಿ."

ಅವನು ಏನು ಯೋಚಿಸಿ ಹೇಳಿದನೋ. ಅಕ್ಕ ಮೂಲೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು, ಡಬ್ಬಿ ಬಿಚ್ಚಿರಲಿಲ್ಲ. ಅಷ್ಟು ವರ್ಷಗಳಲ್ಲಿ ಅವರನ್ನು ಅಷ್ಟು ಚಿಕ್ಕದಾಗಿ ನಾನು ಕಂಡಿರಲಿಲ್ಲ. "ನೀವು ಹೇಳಿಬಿಡಿ, ಆವಾಜ್-ಸಾನ್," ಎಂದರು. "ಸಂಜೆಗೆ ಹೆಚ್ಚು ಹೊತ್ತಿಲ್ಲ. ಬೇರೆಯವರಿಗಿಂತ ನೀವಾದರೆ ನನಗೆ ಸಮಾಧಾನ."

ನನಗೆ ಎಲ್ಲಿಂದ ಸಿಟ್ಟು ಬಂತೋ! "ಸಮಾಧಾನ ಮನೆಯಲ್ಲಿ ಮಾಡಿಕೊಳ್ಳಿ, ಏಳಿ," ಎಂದು ಕೈ ಹಿಡಿದು ಮೈಕಿನ ಮುಂದೆ ತಂದು ನಿಲ್ಲಿಸಿದೆ. ಅವರ ತಲೆಯಿಂದ ಹೆಡ್‌ಫೋನು ಕಿತ್ತೆ. ಬಸವರಾಜನಿಗೆ ಹೇಳಿ ಭಾವನ ಮಾತು ನಿಲ್ಲಿಸಿ, ಪರದೆಯ ಚಿತ್ರ ಮಾತ್ರ ಬಿಡಿಸಿದೆ. ಮೈಕಿನ ಆಚೆ ಬದಿಗೆ, ಅಕ್ಕನ ಮುಖಕ್ಕೆ ಮುಖ ಕೊಟ್ಟು ನಾನು ನಿಂತೆ. ಭಾವನ ಮಾತುಗಳನ್ನು ನಾನೇ ಹೇಳತೊಡಗಿದೆ. ಹೇಳಿದ್ದು ಆ ಮೂಗಿನ ದನಿಯಲ್ಲಿ. ನಾನೇ ಹುಟ್ಟಿಸಿದ, ಅಕ್ಕ ಬಾಯಿಪಾಠ ಮಾಡಿದ, ಹಾವಿನಂತೆ ಎಳೆಯುವ ಅದೇ ದನಿಯಲ್ಲಿ. ಎತ್ತು ನಿನ್ನ ಪೆಟ್ಟಿಗೆ. ನಿನ್ನ ದೇಶಕ್ಕೆ ಹೋಗು. ಇಲ್ಲಿ ನಿನ್ನದು ಏನಿದೆ? ಈ ಹೋಟೆಲು ನಿನ್ನದಾ, ಈ ಊರು ನಿನ್ನದಾ, ಆಡುವ ಮಾತಾದರೂ ನಿನ್ನದಾ? ಕೊನೆಯದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ನನ್ನ ಬಾಯಿಂದ ಬಂತು.

ಅಕ್ಕ ನನ್ನನ್ನೇ ನೋಡಿದರು. ಆ ದನಿ ಈಗ ನನ್ನ ಹತ್ತಿರ ಇತ್ತು, ಅವರು ಅದನ್ನು ಎತ್ತಿಕೊಳ್ಳುವ ಹಾಗಿರಲಿಲ್ಲ. ಬಾಯಿ ತೆರೆದು ಮುಚ್ಚಿದರು. ಪರದೆಯ ಮೇಲೆ ಅವರ ಸಾಲು ದಾಟಿ ಹೋಯಿತು. ಬಸವರಾಜ ಮತ್ತೆ ಹಿಂದಕ್ಕೆ ತಂದ. ನಾನು ಮತ್ತೆ ಬಯ್ದೆ, ಈ ಸಲ ಇನ್ನೂ ಕೆಟ್ಟದಾಗಿ. ಆಗ ಅವರ ಹೊಟ್ಟೆಯ ತಳದಿಂದ ಬಂತು: "ಯೇ ಚೂಲ್ಹಾ ಮೇರಾ ಹೈ."

ಈ ಒಲೆ ನನ್ನದು. ತಗ್ಗಿದ ದನಿ, ತುಸು ಗೊಗ್ಗರು, ಅವಸರವಿಲ್ಲ. 'ಲ'ಕಾರ ಸ್ವಲ್ಪ ಜಾರಿತು, ಜಾರಿದ್ದೇ ಚೆಂದವಾಯಿತು. ಅಲ್ಲಿಂದ ನಿಲ್ಲಲಿಲ್ಲ. ನಾನು ಒಂದು ಅಂದರೆ ಅವರು ಒಂದು. ಎಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದರೋ ಅದೆಲ್ಲ ಆ ಹೋಟೆಲಿನ ಒಲೆಯ ಮುಂದೆ ಬಂದು ನಿಂತಿತು. ನನ್ನ ಸಾಲು ಮುಗಿದಾಗ ನನಗೆ ನಿಜಕ್ಕೂ ಭಯವಾಗಿತ್ತು. ಗಾಜಿನ ಆಚೆ ಡೈರೆಕ್ಟರ್ ಹುಡುಗಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಬಸವರಾಜ ಮೈಕಿನಲ್ಲಿ, "ಭಾಳ ಛಲೋ ಆತ್ರಿ. ಆದ್ರ ಅಕ್ಕಾರ, ನಿಮ್ಮ ದನೀನೂ ಬಿದ್ದೈತಿ. ಇನ್ನೊಮ್ಮಿ ನೀವು ಸ್ವಲ್ಪ ದೂರ ನಿಂತು ಬೈರಿ," ಎಂದ. ಇನ್ನೊಂದು ಮೈಕು ಹಾಕಿ, ನನ್ನನ್ನು ಗೋಡೆಯವರೆಗೆ ಅಟ್ಟಿ, ಅಲ್ಲಿಂದ ಬಯ್ಯಿಸಿದರು. ಅಕ್ಕ ಪ್ರತಿ ಸಲವೂ ಹೊಸದಾಗಿ ಉತ್ತರ ಕೊಟ್ಟರು. ಸಂಜೆಯ ಒಳಗೆ ದೃಶ್ಯ ಮುಗಿಯಿತು, ಆ ವಾರ ಮುಗಿಯುವಷ್ಟರಲ್ಲಿ ಇಡೀ ಸಿನಿಮಾ.

ಪ್ರೊಡ್ಯೂಸರ್ ಸೇಠ್‌ಜಿ ಪರವೂರಿನಲ್ಲಿದ್ದರು. ಡೈರೆಕ್ಟರ್ ಹುಡುಗಿ ಜಾಣೆ, ಫೋನಿನಲ್ಲಿ ಡಬ್ಬಿಂಗ್ ಚೆನ್ನಾಗಿ ಆಯಿತು ಎಂದಷ್ಟೇ ಹೇಳಿದ್ದಳು, ಯಾರ ದನಿ ಎಂದು ಹೇಳಿರಲಿಲ್ಲ. ನಮಗೆಲ್ಲ ಸಿನಿಮಾ ತೋರಿಸಿದ ದಿನ ಸೇಠ್‌ಜಿ ಮೊದಲ ಸಾಲಿನಲ್ಲಿ, ನಾನೂ ಅಕ್ಕನೂ ಅವರ ಹಿಂದೆಯೇ. ಒಲೆಯ ದೃಶ್ಯ ಬಂದಾಗ ಸೇಠ್‌ಜಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ದೀಪ ಹತ್ತಿದ ಕೂಡಲೇ ಹಿಂದೆ ತಿರುಗಿ ನನ್ನ ಎರಡೂ ಕೈ ಹಿಡಿದುಕೊಂಡರು. "ವಾಹ್! ನಾನು ಹೇಳ್ಲಿಲ್ವಾ, ಆವಾಜ್ ನಿಮ್ಮದೇ ಬೇಕು ಅಂತ? ಇಂಥ ಕೆಲಸ ನೀವು ಹಿಂದೆ ಎಂದೂ ಮಾಡಿಲ್ಲ!"

ನನ್ನ ವೃತ್ತಿಯಲ್ಲಿ ಕೇಳಿದ ಅತಿ ದೊಡ್ಡ ಹೊಗಳಿಕೆ, ಅದೂ ನಾನು ಮಾಡದ ಕೆಲಸಕ್ಕೆ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಅಕ್ಕ ಎದ್ದು ನಿಂತರು. ಬಾಗಿ ನಮಸ್ಕರಿಸಿದರು. "ಸೇಠ್‌ಜಿ," ಎಂದರು, "ವೋ ಮೈಂ ಹೂಂ." ಅದು ನಾನು. ಪರದೆಯ ಮೇಲೆ ಆಗಷ್ಟೇ ಕೇಳಿದ ಅದೇ ದನಿ. ಸೇಠ್‌ಜಿ ನನ್ನ ಕೈ ಬಿಟ್ಟರು. ಅಕ್ಕನ ಮುಖ ನೋಡಿದರು, ಖಾಲಿ ಪರದೆ ನೋಡಿದರು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಶುರು ಮಾಡಿದರು, ಬಸವರಾಜನೇ ಇರಬೇಕು. ಆಮೇಲೆ ಎಲ್ಲರೂ. ಸೇಠ್‌ಜಿ ಕೊನೆಗೆ ಹೊಡೆದರು, ಆದರೆ ಎಲ್ಲರಿಗಿಂತ ಜೋರಾಗಿ ಹೊಡೆದರು. ಅವರನ್ನು ಅದಕ್ಕಾಗಿ ನಾನು ಮೆಚ್ಚುತ್ತೇನೆ.

ಸಿನಿಮಾ ಚೆನ್ನಾಗಿ ಓಡಿತು. ಪಬ್ಲಿಕ್ ನಗಲಿಲ್ಲ. ವಡಾಲದ ನಮ್ಮ ಬಿಲ್ಡಿಂಗಿನ ಹೆಂಗಸರು ಎರಡೆರಡು ಸಲ ನೋಡಿ ಬಂದು, ಆ ಜಪಾನಿಯವಳು ನಮ್ಮ ಅತ್ತಿಗೆಯ ಹಾಗೇ ಮಾತಾಡ್ತಾಳೆ ಎಂದರು. ಸಿನಿಮಾ ಜಪಾನಿಗೂ ಹೋಯಿತು. ಅಲ್ಲಿ, ಬೆಳಗಿನ ಧಾರಾವಾಹಿಯ ಆ ತಂಗಿಯ ದನಿಯನ್ನು ಅಡುಗೆಮನೆಯಲ್ಲಿ ಕೇಳುತ್ತಿದ್ದ ಹೆಂಗಸರ ಮಕ್ಕಳು ಈಗ ಟಿವಿ ನಡೆಸುವವರಾಗಿದ್ದರು. ದೊಡ್ಡ ಧಾರಾವಾಹಿಯೊಂದರ ಮುಖ್ಯ ಪಾತ್ರಕ್ಕೆ ಕರೆದರು. ಅಕ್ಕ ಕಾಂದಿವಲಿಯ ಮನೆ ಖಾಲಿ ಮಾಡಿದರು. ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ನಾನು ಅತ್ತೆ. ಅವರು ಅಳಲಿಲ್ಲ. "ನೀವು ಯಾಕೆ ಅಳುತ್ತೀರಿ? ಮಾತಾಡಬೇಕು ಅಂತ ಬಂದೆ. ಮಾತಾಡಿ ಹೋಗುತ್ತಿದ್ದೇನೆ," ಎಂದರು. ಗೆದ್ದವರ ಮುಖ ಹೇಗಿರುತ್ತದೆ ಎಂದು ನಾನು ನೋಡಿದ್ದು ಆಗಲೇ.

ಈಚೆಗೆ ಒಂದು ಡಬ್ಬಿಂಗ್ ಕಂಪನಿಯಿಂದ ಫೋನು ಬಂತು. ಜಪಾನಿನ ಧಾರಾವಾಹಿಯೊಂದು ಹಿಂದಿಗೆ ಬರುತ್ತಿದೆ, ಬಂದರಿನಲ್ಲಿ ಮೀನು ಹರಾಜು ಕೂಗುವ ಅಜ್ಜಿಯ ಪಾತ್ರ, ಮುಖ್ಯ ಪಾತ್ರ, ನೀವೇ ಆಗಬೇಕು ಎಂದರು. ತುಣುಕು ಕಳಿಸಿದರು. ಗಂಬೂಟು ಹಾಕಿಕೊಂಡು, ಮೀನಿನ ರಾಶಿಯ ನಡುವೆ ನಿಂತು ಅಕ್ಕ ಕೂಗುತ್ತಿದ್ದಾರೆ! ಸುತ್ತ ನಿಂತ ಗಂಡಸರೆಲ್ಲ ಬೆಪ್ಪಾಗಿ ನೋಡುತ್ತಿದ್ದಾರೆ. ನಾನು ಕೂತಲ್ಲೇ ಚಪ್ಪಾಳೆ ಹೊಡೆದೆ. ಆಮೇಲೆ ಕಂಪನಿಗೆ ಫೋನ್ ಮಾಡಿ ಹೇಳಿದೆ: "ಈ ಕೆಲಸ ನಾನು ಮಾಡುವುದಿಲ್ಲ. ಆ ಅಜ್ಜಿಗೆ ಹಿಂದಿ ಬರುತ್ತದೆ. ನಂಬರ್ ಕೊಡ್ತೇನೆ, ಅವರನ್ನೇ ಕೇಳಿ."

ಅವರು ಮೊದಲು ನಂಬಲಿಲ್ಲ. ನಂಬರಿಗೆ ಫೋನ್ ಮಾಡಿದ ಮೇಲೆ ನಂಬಿದರು. ಅಕ್ಕ ಅಲ್ಲೇ ಟೋಕಿಯೋದ ಸ್ಟುಡಿಯೋದಲ್ಲಿ ನಿಂತು ತಮ್ಮ ಪಾಲಿನ ಹಿಂದಿ ಹೇಳಿ ಕಳಿಸಿದರು. ಜೊತೆಗೆ ಕಂಪನಿಗೆ ಒಂದು ಷರತ್ತನ್ನೂ ಹಾಕಿದರಂತೆ: ಆ ಕಥೆಯಲ್ಲಿ ಅಜ್ಜಿಯ ಜೊತೆ ದಿನಾ ಜಗಳಕ್ಕೆ ಬರುವ ಒಬ್ಬ ಮೀನುವ್ಯಾಪಾರಿ ಹೆಂಗಸಿದ್ದಾಳೆ, ಅವಳ ದನಿ ನಾನೇ ಆಗಬೇಕು ಎಂದು. ಈಗ ಅದು ಬರುತ್ತಿದೆ, ಬೇಕಾದರೆ ನೋಡಿ. ಪ್ರತಿ ಎಪಿಸೋಡಿನಲ್ಲೂ ನಾನು ಸೊಂಟಕ್ಕೆ ಸೆರಗು ಬಿಗಿದವಳ ಹಾಗೆ ಜಗಳ ತೆಗೆಯುತ್ತೇನೆ, ಪ್ರತಿ ಎಪಿಸೋಡಿನಲ್ಲೂ ಅಕ್ಕ ತಮ್ಮ ಸ್ವಂತ ದನಿಯಲ್ಲಿ ಒಂದೇ ಮಾತು ಹೇಳಿ ನನ್ನ ಬಾಯಿ ಮುಚ್ಚಿಸುತ್ತಾರೆ.